ತೂಗುಬಳ್ಳಿಯ ಎಲೆ ಉದುರುತ್ತಿದೆಯೇ? ನೀರಿನ ಚೊಂಬು ಕೆಳಗಿಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಮನೆಯೊಳಗೆ ನೇತುಹಾಕಿದ ಬಳ್ಳಿ ದಿನೇ ದಿನೇ ಬೋಳಾಗುತ್ತಿದೆ. ಇನ್ನೊಂದು ಸಾಮ್ಯವೂ ಕಂಡಿತು. ಎಲೆ ಹಳದಿಯಾದ ಕೂಡಲೇ ಬಹುತೇಕರು ಮಾಡಿದ ಮೊದಲ ಕೆಲಸ ನೀರು ಹೆಚ್ಚಿಸಿದ್ದು, ಎರಡನೆಯದು ಗೊಬ್ಬರ ಹಾಕಿದ್ದು. ಬೇರಿಗೆ ತೊಂದರೆಯಾಗಿರುವಾಗ ಈ ಎರಡೂ ಗಿಡವನ್ನು ಇನ್ನಷ್ಟು ಬೇಗ ಕೊಲ್ಲುತ್ತವೆ.

ಪ್ರಶ್ನೆ: ನಮ್ಮ ಹಾಲ್‌ನಲ್ಲಿ 8 ಇಂಚಿನ ಪ್ಲಾಸ್ಟಿಕ್ ತೂಗುಕುಂಡದಲ್ಲಿ ಮನಿ ಪ್ಲಾಂಟ್ ಇದೆ. ಬಳ್ಳಿ ಐದಾರು ಅಡಿ ಇಳಿಬಿದ್ದಿದೆ. ನವೆಂಬರ್‌ನಿಂದ ಕುಂಡದ ಹತ್ತಿರದ ಎಲೆಗಳು ಒಂದೊಂದಾಗಿ ಹಳದಿಯಾಗಿ ಬೀಳುತ್ತಿವೆ. ಈಗ ತುದಿಯಲ್ಲಿ ಮಾತ್ರ ಎಲೆ ಉಳಿದಿದೆ. ದಿನಾ ಬೆಳಿಗ್ಗೆ ಒಂದು ಲೋಟ ನೀರು ತಪ್ಪದೆ ಹಾಕುತ್ತೇನೆ. ಏನು ಕೊರತೆ?
— ಗೃಹಿಣಿ, ಕೆಂಗೇರಿ, ಬೆಂಗಳೂರು

ಉತ್ತರ: ಕೊರತೆ ಏನೂ ಇಲ್ಲ. ಆ ದಿನದ ಒಂದು ಲೋಟವೇ ಹೆಚ್ಚಾಗಿದೆ. ತಿಂಗಳಿಗೆ ಒಂದೆರಡು ಹಳೆಯ ಎಲೆ ಹಳದಿಯಾಗಿ ಬೀಳುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಾರಕ್ಕೆ ಎರಡು ಮೂರು ಬೀಳುತ್ತಿದ್ದರೆ, ಎಲೆ ಗರಿಗರಿಯಾಗದೆ ಮೆತ್ತಗೆ ಹಳದಿಯಾಗುತ್ತಿದ್ದರೆ, ಮಣ್ಣು ಆಗಲೂ ಒದ್ದೆಯಾಗಿದ್ದರೆ ಬೇರಿಗೆ ಉಸಿರು ಕಟ್ಟಿದೆ ಎಂದೇ ಅರ್ಥ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಆಮ್ಲಜನಕ ಸಿಗದೆ ಬೇರಿನ ತುದಿ ಸಾಯುತ್ತದೆ, ಸತ್ತ ಬೇರಿಗೆ ಪಿಥಿಯಂನಂಥ, ಶಿಲೀಂಧ್ರವನ್ನು ಹೋಲುವ ಕೊಳೆರೋಗದ ಸೂಕ್ಷ್ಮಜೀವಿಗಳು ಮುತ್ತುತ್ತವೆ. ಕೊಳೆತ ಬೇರು ನೀರು ಹೀರುವುದಿಲ್ಲ, ಹಾಗಾಗಿ ಒದ್ದೆ ಮಣ್ಣಿನಲ್ಲಿದ್ದೂ ಗಿಡ ಬಾಯಾರಿದಂತೆ ಬಾಡುತ್ತದೆ. ನಾವು ಅದನ್ನು ನೋಡಿ ಇನ್ನೊಂದು ಲೋಟ ಸುರಿಯುತ್ತೇವೆ.

ನವೆಂಬರ್‌ನಿಂದಲೇ ಶುರುವಾದದ್ದಕ್ಕೂ ಕಾರಣವಿದೆ. ಬೆಂಗಳೂರಿನ ಚಳಿಗಾಲದಲ್ಲಿ ಹಗಲು ಚಿಕ್ಕದು, ರಾತ್ರಿ ತಂಪು, ಬೆಳವಣಿಗೆ ನಿಧಾನ. ಏಪ್ರಿಲ್‌ನಲ್ಲಿ ಮೂರು ನಾಲ್ಕು ದಿನಕ್ಕೆ ಒಣಗುವ ಅದೇ ಕುಂಡ ಡಿಸೆಂಬರ್‌ನಲ್ಲಿ ಹತ್ತು ದಿನವಾದರೂ ಒಣಗದು. ಹಾಗಾಗಿ ‘ದಿನಕ್ಕೆ ಒಮ್ಮೆ’, ‘ವಾರಕ್ಕೆ ಎರಡು ಸಲ’ ಎಂಬ ಲೆಕ್ಕವೇ ತಪ್ಪು.

ಪರೀಕ್ಷೆ ಹೀಗೆ ಮಾಡಿ. ಪೊರಕೆಯ ಕಡ್ಡಿಯೊಂದನ್ನು ಕುಂಡದ ಅಂಚಿನ ಬಳಿ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರತೆಗೆಯಿರಿ. ಕಡ್ಡಿಯ ಕೆಳಗಿನ ಅರ್ಧ ಬಣ್ಣಗಟ್ಟಿ ತಣ್ಣಗಿದ್ದರೆ ಆ ದಿನ ನೀರು ಬೇಡ. ಇನ್ನೂ ಸುಲಭವಾದದ್ದು ಕುಂಡ ಎತ್ತಿ ನೋಡುವುದು. ಚೆನ್ನಾಗಿ ನೀರು ಕುಡಿಸಿ, ಸೋರುವುದು ನಿಂತ ಮೇಲೆ ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಕ ಬರೆದಿಡಿ. ಆ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿದಾಗ ಮತ್ತೆ ನೀರು ಕೊಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ತಕ್ಕಡಿ ಬೇಕಾಗದು, ಕೈಗೇ ಗೊತ್ತಾಗುತ್ತದೆ. ಕೊಟ್ಟಾಗ ಮಾತ್ರ ತಳದಿಂದ ನೀರು ಹರಿದು ಹೋಗುವಷ್ಟು ಕೊಡಬೇಕು. ದಿನಾ ಗುಟುಕು ಗುಟುಕಾಗಿ ಹಾಕುವ ನೀರು ಮೇಲ್ಮಣ್ಣನ್ನು ಸದಾ ಒದ್ದೆಯಾಗಿಡುತ್ತದೆ, ಲವಣವನ್ನು ಹೊರಹಾಕುವುದೂ ಇಲ್ಲ.

ಇನ್ನು ಆ ತೂಗುಕುಂಡವನ್ನು ಬೋರಲು ಹಾಕಿ ತಳ ನೋಡಿ. ಪೇಟೆಯಲ್ಲಿ ಸಿಗುವ ಎಷ್ಟೋ ಪ್ಲಾಸ್ಟಿಕ್ ತೂಗುಕುಂಡಗಳಲ್ಲಿ ತೂತಿನ ಗುರುತಷ್ಟೇ ಇರುತ್ತದೆ, ತೂತು ಇರುವುದಿಲ್ಲ. ಕೊಂಡವರೇ ಕೊರೆದುಕೊಳ್ಳಬೇಕು. ತೂತಿದ್ದರೂ ಅದಕ್ಕೆ ಕಚ್ಚಿಕೊಂಡಂತೆ ಕೂರುವ ತಟ್ಟೆಯೊಂದಿರುತ್ತದೆ, ಅದರಲ್ಲಿ ನಿಂತ ನೀರು ಹೊರಗಿನಿಂದ ಕಾಣುವುದೇ ಇಲ್ಲ. ಕಾಯಿಸಿದ ಮೊಳೆಯಿಂದ ಬೆರಳು ತೂರುವಷ್ಟಲ್ಲದಿದ್ದರೂ ಪೆನ್ಸಿಲ್ ತೂರುವಷ್ಟು ಅಗಲದ ನಾಲ್ಕೈದು ತೂತು ಮಾಡಿ. ನೀರು ಹಾಕುವಾಗ ತಟ್ಟೆ ಕಳಚಿ, ಸಿಂಕಿನಲ್ಲಿಟ್ಟು ಸೋರಲು ಬಿಟ್ಟು, ಆಮೇಲೆ ನೇತುಹಾಕಿ.

ಎರಡು ಮೂರು ದಿನ ನೀರು ನಿಲ್ಲಿಸಿ, ಕುಂಡದ ಪಕ್ಕಗಳನ್ನು ಅದುಮಿ ಗಿಡವನ್ನು ಮಣ್ಣಿನ ಸಮೇತ ಹೊರಗೆಳೆಯಿರಿ. ಬೇರು ಬಿಳಿ ಅಥವಾ ಕೆನೆ ಬಣ್ಣಕ್ಕಿದ್ದು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ, ನೀರು ಕಡಿಮೆ ಮಾಡಿದರೆ ಸಾಕು. ಕಂದು ಬಣ್ಣಕ್ಕೆ ತಿರುಗಿದ ಬೇರನ್ನು ಎರಡು ಬೆರಳಲ್ಲಿ ಹಿಡಿದೆಳೆಯಿರಿ: ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ, ಮೋರಿಯ ವಾಸನೆ ಬಂದರೆ ಅದು ಕೊಳೆತಿದೆ. ಕೊಳೆತದ್ದು ಮೂರನೇ ಒಂದು ಭಾಗದೊಳಗಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ, ಉಳಿದ ಬೇರಿಗೆ ತಕ್ಕಂತೆ 6 ಇಂಚಿನ ಕುಂಡಕ್ಕೆ ಬದಲಿಸಿ. ದೊಡ್ಡ ಕುಂಡಕ್ಕೆ ಹಾಕುವ ಆಸೆ ಬೇಡ, ಬೇರಿಲ್ಲದ ಕಡೆಯ ಮಣ್ಣು ವಾರಗಟ್ಟಲೆ ಒಣಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕೊಳೆತಿದ್ದರೆ ಆ ಬೇರನ್ನು ಮರೆತು ಬಳ್ಳಿಯ ತುಂಡುಗಳಿಂದ ಹೊಸ ಗಿಡ ಮಾಡುವುದೇ ಲೇಸು.

ಮಣ್ಣಿನ ಮಿಶ್ರಣ ಅಳತೆಯ ಲೆಕ್ಕದಲ್ಲಿ: ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಕೆಂಪು ಮಣ್ಣು 1 ಪಾಲು, ಎರೆಗೊಬ್ಬರ 1 ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಅಥವಾ ಸುಟ್ಟ ಭತ್ತದ ಹೊಟ್ಟು 1 ಪಾಲು, ಜೊತೆಗೆ ಕುಂಡಕ್ಕೆ ಎರಡು ಚಮಚ ಬೇವಿನ ಹಿಂಡಿ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಪುಡಿ ತೆಗೆದು, ತೊಳೆದು ಬಳಸಿ, ಇಲ್ಲವಾದರೆ ಆ ಪುಡಿ ಸಿಮೆಂಟಿನಂತೆ ಮಣ್ಣನ್ನು ಬಿಗಿಯುತ್ತದೆ. ತಳದಲ್ಲಿ ಜಲ್ಲಿಕಲ್ಲು ಹರಡಿದರೆ ನೀರು ಬೇಗ ಇಳಿಯುತ್ತದೆ ಎಂಬುದು ನಂಬಿಕೆಯಷ್ಟೇ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕೆಳಗಿಳಿಯುವುದಿಲ್ಲ, ಒದ್ದೆ ಮಣ್ಣು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡೊಂದು ಸಾಕು.

ಈಗ ಬೋಳು ಬಳ್ಳಿಯ ವಿಚಾರ. ಎಲೆ ಬಿದ್ದ ಜಾಗದಲ್ಲಿ ಅದೇ ಎಲೆ ಮತ್ತೆ ಬರುವುದಿಲ್ಲ. ಆದರೆ ಪ್ರತಿ ಗೆಣ್ಣಿನಲ್ಲೂ ಒಂದು ಮೊಗ್ಗು ಮಲಗಿರುತ್ತದೆ, ತುದಿ ಕತ್ತರಿಸಿದರೆ ಅದು ಏಳುತ್ತದೆ. ಫೆಬ್ರವರಿ ಕೊನೆಯಲ್ಲಿ, ಬಿಸಿಲು ಏರತೊಡಗಿದಾಗ, ಕುಂಡದ ಅಂಚಿನಿಂದ ಮೂರು ನಾಲ್ಕು ಗೆಣ್ಣು ಬಿಟ್ಟು ಬಳ್ಳಿಯನ್ನು ಕತ್ತರಿಸಿ. ಎಲೆಯಿರುವ ತುದಿಗಳನ್ನು ಎರಡೆರಡು ಗೆಣ್ಣಿನ ತುಂಡು ಮಾಡಿ, ಗೆಣ್ಣಿನ ಕೆಳಗೆ ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ, ಕೆಳಗಿನ ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಎಲೆಯಿಲ್ಲದ ಬೋಳು ಭಾಗವನ್ನೂ ಬಿಸಾಡಬೇಡಿ. ಅದೇ ಕುಂಡದ ಮಣ್ಣಿನ ಮೇಲೆ ಸುರುಳಿ ಸುತ್ತಿ, ಹೇರ್‌ಪಿನ್ನಿನಿಂದ ಗೆಣ್ಣುಗಳು ಮಣ್ಣಿಗೆ ತಾಗುವಂತೆ ಒತ್ತಿಡಿ. ಕಂದು ಮೊಳಕೆಯಂತೆ ಕಾಣುವ ಗಾಳಿಬೇರುಗಳು ಮಣ್ಣಿಗಿಳಿದು, ಗೆಣ್ಣಿನ ಮೊಗ್ಗುಗಳು ಕುಂಡದ ಬಾಯಿ ತುಂಬ ಚಿಗುರುತ್ತವೆ.

ಇಷ್ಟಾದ ಮೇಲೂ ಮೇಲ್ಭಾಗ ಬೋಳಾಗುವುದಾದರೆ ಕೊಕ್ಕೆಯ ಎತ್ತರ ನೋಡಿ. ಕಿಟಕಿಯ ಲಿಂಟಲ್‌ಗಿಂತ ಮೇಲೆ, ಸೀಲಿಂಗಿಗೆ ಅಂಟಿದಂತೆ ನೇತುಹಾಕಿದ ಕುಂಡದ ತಲೆಗೆ ಬೆಳಕೇ ಬೀಳುವುದಿಲ್ಲ. ಇಳಿಬಿದ್ದ ತುದಿ ಮಾತ್ರ ಕಿಟಕಿಯ ಬೆಳಕಿಗೆ ಬರುತ್ತದೆ. ಹೀಗಾಗಿ ಗಿಡ ಕತ್ತಲಲ್ಲಿರುವ ಹಳೆಯ ಎಲೆಗಳಿಂದ ಸಾರಜನಕ ಹಿಂಪಡೆದು ತುದಿಗೆ ಕಳಿಸುತ್ತದೆ, ಮೇಲಿನವು ಉದುರುತ್ತವೆ. ಕುಂಡದ ಬಾಯಿ ಲಿಂಟಲ್‌ಗಿಂತ ಕನಿಷ್ಠ ಒಂದಡಿ ಕೆಳಗಿರಲಿ, ಕಿಟಕಿಯಿಂದ ಮೂರು ನಾಲ್ಕು ಅಡಿಯೊಳಗಿರಲಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕುಂಡದ ಮಟ್ಟದಲ್ಲಿ ಬಿಳಿ ಕಾಗದ ಹಿಡಿದು ಅದರ ಮೇಲೆ ಕೈಯೊಡ್ಡಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಕಂಡರೆ ಬೆಳಕು ಸಾಕು, ಬರೀ ಮಸುಕು ಕಂಡರೆ ಸಾಲದು.

ಗೊಬ್ಬರ? ಹೊಸ ಎಲೆ ಎರಡು ಬಿಚ್ಚುವವರೆಗೆ ಬೇಡ. ಆಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ರಸಗೊಬ್ಬರ) ಪುಡಿಯನ್ನು ಲೀಟರಿಗೆ 1 ಗ್ರಾಂ ಕರಗಿಸಿ ತಿಂಗಳಿಗೊಮ್ಮೆ, ಅದೂ ಒದ್ದೆ ಮಣ್ಣಿಗೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಮೊದಲು ಎಲೆಯ ತುದಿ ಕಂದಾಗಿ ಒಣಗುತ್ತದೆ, ಆಮೇಲೆ ಎಲೆ ಬೀಳುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ನೀರು ಉಳಿಸಲೆಂದು ಆರ್‌ಒ ಯಂತ್ರದ ವೇಸ್ಟ್ ನೀರನ್ನೇ ಗಿಡಕ್ಕೆ ಹಾಕುತ್ತೇವೆ.
— ಓದುಗರು, ವೈಟ್‌ಫೀಲ್ಡ್

ಉತ್ತರ: ಆ ಬಿಳಿ ಪುಡಿಯೇ ಉತ್ತರ. ಆರ್‌ಒ ಯಂತ್ರ ಶುದ್ಧ ನೀರನ್ನು ಒಂದು ಕಡೆ ಕಳಿಸಿ, ಲವಣವನ್ನೆಲ್ಲ ವೇಸ್ಟ್ ನೀರಿಗೆ ಸೇರಿಸುತ್ತದೆ. ಬೋರ್‌ವೆಲ್ ನೀರು ಮೊದಲೇ ಗಡಸು, ಅದರ ವೇಸ್ಟ್ ಇನ್ನೂ ಗಡಸು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದ ಮೇಲೆ ಅನೇಕರು ಈ ದಾರಿ ಹಿಡಿದರು. ಉದ್ದೇಶ ಒಳ್ಳೆಯದೇ, ಆದರೆ ಆ ನೀರು ನೆಲ ಒರೆಸಲು, ಟಾಯ್ಲೆಟ್ ತೊಳೆಯಲು ಇರಲಿ, ಕುಂಡಕ್ಕೆ ಬೇಡ.

ನಿಮ್ಮ ಕಟ್ಟಡಕ್ಕೆ ವಾಟರ್ ಸಾಫ್ಟನರ್ ಇದೆಯೇ ಎಂದೂ ವಿಚಾರಿಸಿ. ಉಪ್ಪಿನ ಚೀಲ ತರಿಸುವ ಸಾಫ್ಟನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬಕೆಟ್ಟಿನಲ್ಲಿ ಬಿಳಿ ಕಲೆ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಗಿಡದ ಮಟ್ಟಿಗೆ ಇದು ಗಡಸು ನೀರಿಗಿಂತ ಕೆಟ್ಟದ್ದು. ಸೋಡಿಯಂ ಬೇರಿನ ಸುತ್ತ ಶೇಖರವಾದಂತೆ ಬೇರು ನೀರು ಹೀರಲಾರದೆ ಎಲೆಯ ತುದಿ ಸುಡುತ್ತದೆ. ಸಾಫ್ಟನರ್‌ಗೆ ಮೊದಲಿನ ನಲ್ಲಿ ಸಾಮಾನ್ಯವಾಗಿ ಪಂಪ್‌ರೂಮಿನಲ್ಲಿ ಇರುತ್ತದೆ, ಅಲ್ಲಿಂದ ಹಿಡಿದುಕೊಳ್ಳಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 300 ಪಿಪಿಎಂ ಒಳಗಿನ ನೀರು ನಿಶ್ಚಿಂತೆಯಾಗಿ ಹಾಕಬಹುದು, 800 ದಾಟಿದ್ದು ಬೇಡ. ನಡುವಿನದ್ದಕ್ಕೆ ಮಳೆನೀರು ಬೆರೆಸಿಕೊಳ್ಳಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರುವುದಿಲ್ಲ, ಅದನ್ನು ಹಿಡಿದಿಟ್ಟು ಬೆರೆಸಲೂಬಹುದು.

ಈಗಿರುವ ಲವಣ ಕರಗಿಸಲು ಮೊದಲು ಮೇಲಿನ ಅರ್ಧ ಇಂಚು ಮಣ್ಣು ಕೆರೆದು ತೆಗೆಯಿರಿ. ಕುಂಡದಲ್ಲಿ ಎಷ್ಟು ಮಣ್ಣಿದೆಯೋ ಅದರ ಮೂರು ಪಟ್ಟು ಒಳ್ಳೆಯ ನೀರನ್ನು ಅರ್ಧ ಗಂಟೆಯಲ್ಲಿ ಮೂರು ಕಂತಾಗಿ ಹುಯ್ದು ಹರಿಯಬಿಡಿ. 8 ಇಂಚಿನ ಕುಂಡಕ್ಕೆ ಹತ್ತು ಲೀಟರ್ ಬೇಕಾದೀತು. ಎರಡು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.

ಕೋಕೋಪೀಟ್ ಇಟ್ಟಿಗೆಯನ್ನೂ ಅನುಮಾನಿಸಬೇಕು. ಅಗ್ಗದ ಇಟ್ಟಿಗೆಯಲ್ಲಿ ತೆಂಗಿನ ನಾರಿನ ಸಹಜ ಲವಣ ಹಾಗೇ ಉಳಿದಿರುತ್ತದೆ. ನೆನೆಸಿ, ಹಿಂಡಿ, ಕಂದು ನೀರು ಚೆಲ್ಲಿ, ಮತ್ತೊಮ್ಮೆ ಹಾಗೇ ಮಾಡಿದ ಮೇಲೆ ಬಳಸಿ.

ಪ್ರಶ್ನೆ: ಜಗಲಿಯ ಮಾಡಿನಂಚಿಗೆ ತೂಗುಹಾಕಿದ ಲಿಪ್‌ಸ್ಟಿಕ್ ಗಿಡ ಜುಲೈ ತಿಂಗಳಲ್ಲಿ ಹಸಿರು ಎಲೆಗಳನ್ನೇ ರಾಶಿ ರಾಶಿ ಉದುರಿಸಿತು. ತೋಟದ ಅಡಿಕೆಗೆ ಹೊಡೆದು ಉಳಿದ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ) ದ್ರಾವಣ ಇದೆ. ಅದನ್ನೇ ಇದಕ್ಕೂ ಹೊಡೆಯಬಹುದೇ?
— ಕೃಷಿಕರು, ಪುತ್ತೂರು

ಉತ್ತರ: ಬೇಡ. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ಕೆಲಸ ಮಾಡುವುದು ಗೊನೆಯ ಮೇಲೆ ತೆಳು ಪದರವಾಗಿ ಕೂತು ಸೋಂಕು ತಗಲದಂತೆ ತಡೆಯುವುದರಿಂದ. ಆಗಲೇ ಕೊಳೆತ ಬೇರನ್ನು ಅದು ಗುಣಪಡಿಸುವುದಿಲ್ಲ. ಮಳೆಗಾಲದಲ್ಲಿ ಎಲೆ ಬೇಗ ಆರದಿದ್ದರೆ ತಾಮ್ರ ಎಳೆ ಎಲೆಯನ್ನು ಸುಡುವುದೂ ಉಂಟು. ಉಳಿದ ದ್ರಾವಣ ಇಟ್ಟುಕೊಂಡು ಬಳಸುವಂಥದ್ದೂ ಅಲ್ಲ, ಅಂದು ಮಾಡಿದ್ದು ಅಂದೇ ಮುಗಿಯಬೇಕು ಎಂಬುದು ನಿಮಗೆ ಗೊತ್ತಿರುವುದೇ.

ಎಲೆ ಯಾವ ಬಣ್ಣದಲ್ಲಿ ಬಿತ್ತು ಎಂಬುದು ಇಲ್ಲಿ ಮುಖ್ಯ. ಹಳದಿಯಾಗಿ ಬಿದ್ದರೆ ಗಿಡ ಸಾವಕಾಶವಾಗಿ ಸಾರವನ್ನು ಹಿಂಪಡೆದು ಎಲೆಯನ್ನು ಬಿಟ್ಟುಕೊಟ್ಟಿದೆ. ಹಸಿರಾಗಿಯೇ ಬಿದ್ದರೆ ಆಘಾತ ದಿಢೀರನೆ ಆಗಿದೆ: ಬೇರು ಒಮ್ಮೆಗೇ ಸತ್ತಿದೆ, ಇಲ್ಲವೇ ಗಿಡ ಪೂರ್ತಿ ಒಣಗಿ ಮತ್ತೆ ನೆನೆದಿದೆ, ಇಲ್ಲವೇ ತೀರಾ ತಂಪು ತಗಲಿದೆ. ಪುತ್ತೂರಿನ ಜುಲೈಯಲ್ಲಿ ತಂಪಿನ ಮಾತಿಲ್ಲ, ಒಣಗುವ ಮಾತಂತೂ ಇಲ್ಲವೇ ಇಲ್ಲ. ಮಾಡಿನಂಚಿನ ಹನಿ ನೇರವಾಗಿ ಕುಂಡಕ್ಕೆ ಬೀಳುತ್ತಿರಬೇಕು.

ಲಿಪ್‌ಸ್ಟಿಕ್ ಗಿಡ ಆಗ್ನೇಯ ಏಷ್ಯದ ಕಾಡುಗಳಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವಂಥದ್ದು. ಬಂದಳಿಕೆಯಲ್ಲ, ಮರದಿಂದ ಏನನ್ನೂ ಹೀರುವುದಿಲ್ಲ, ಸೀತಾಳೆಯ ಹಾಗೆ ತೊಗಟೆಗೆ ಬೇರು ಅಂಟಿಸಿಕೊಂಡಿರುತ್ತದೆ. ಮಳೆ ಎಷ್ಟೇ ಸುರಿದರೂ ನೀರು ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಕುಂಡದಲ್ಲೂ ಅದೇ ಆಗಬೇಕು. ಕಡಲೆಕಾಳಿನಿಂದ ಅಡಿಕೆಯವರೆಗಿನ ಗಾತ್ರಕ್ಕೆ ಕತ್ತರಿಸಿದ ತೆಂಗಿನ ಸಿಪ್ಪೆಯ ಚೂರು 3 ಪಾಲು, ಇದ್ದಿಲಿನ ಚೂರು 1 ಪಾಲು, ಎರೆಗೊಬ್ಬರ 1 ಪಾಲು. ಸಿಪ್ಪೆಯ ಚೂರನ್ನು ಎರಡು ದಿನ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ ಬಳಸಿ. ಮಣ್ಣು ಬೇಡವೇ ಬೇಡ.

ಜೂನ್ ಮೊದಲ ವಾರಕ್ಕೆ ಕುಂಡವನ್ನು ಮಾಡಿನಂಚಿನಿಂದ ಮೂರಡಿ ಒಳಗೆ ಸರಿಸಿ. ಮಳೆಗಾಲ ಮುಗಿಯುವವರೆಗೆ ಆರೆಂಟು ದಿನಕ್ಕೊಮ್ಮೆ ನೀರು ಸಾಕು, ಸಿಪ್ಪೆಯ ಚೂರು ಕೈಗೆ ಒಣಗಿದಂತೆ ಹತ್ತಿದ ಮೇಲೆ. ಈಗ ಉಳಿದಿರುವ ಗಿಡದಲ್ಲಿ ಗಟ್ಟಿಯಾದ ಕಡ್ಡಿಗಳಿದ್ದರೆ ನಾಲ್ಕು ಇಂಚಿನ ತುಂಡು ಮಾಡಿ, ಕೆಳಗಿನ ಎರಡು ಜೊತೆ ಎಲೆ ತೆಗೆದು, ಇದೇ ಮಿಶ್ರಣದ ಸಣ್ಣ ಚೂರುಗಳಲ್ಲಿ ನೆಡಿ. ಕುಂಡಕ್ಕೆ ಏಳೆಂಟು ತುಂಡು ನೆಟ್ಟರಷ್ಟೇ ನೋಡಲು ತುಂಬಿದಂತಿರುತ್ತದೆ.

ಎಲೆಯ ಮೇಲೆ ಕಪ್ಪು ಚುಕ್ಕೆ ಹರಡುತ್ತಿದ್ದರೆ ಮಾತ್ರ ಆ ಎಲೆಗಳನ್ನು ತೆಗೆದು, ಗಾಳಿಯಾಡುವಂತೆ ಕುಂಡಗಳ ನಡುವೆ ಒಂದಡಿ ಅಂತರ ಕೊಡಿ. ಹೆಚ್ಚಿನ ಸಲ ಅಷ್ಟರಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಏಪ್ರಿಲ್ ಬಂದರೆ ನಮ್ಮ ವರಾಂಡದ ಬಳ್ಳಿಗಳ ಎಲೆ ಮೊದಲು ಬಣ್ಣಗೆಟ್ಟು, ಧೂಳು ಕೂತಂತಾಗಿ, ಒಣಗಿ ಉದುರುತ್ತವೆ. ಎರಡು ಹೊತ್ತು ನೀರು ಕೊಟ್ಟರೂ ಅಷ್ಟೇ. ಕುಂಡದ ಕೆಳಗಿನಿಂದ ನೀರು ಕೂಡಲೇ ಹರಿದು ಹೋಗುತ್ತದೆ.
— ಶಿಕ್ಷಕರು, ಕಲಬುರಗಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಒಂದು ಇನ್ನೊಂದಕ್ಕೆ ದಾರಿ ಮಾಡಿದೆ.

ನೀರು ಕೂಡಲೇ ಹರಿದು ಹೋಗುವುದು ಒಳ್ಳೆಯ ಲಕ್ಷಣವಲ್ಲ. ಕೋಕೋಪೀಟ್ ಹೆಚ್ಚಿರುವ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ, ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹುಯ್ದ ನೀರು ಆ ಸಂದಿನಲ್ಲಿಳಿದು ತೂತಿನಿಂದ ಹೊರಬೀಳುತ್ತದೆ, ಬೇರಿನ ಗಡ್ಡೆ ಒಳಗೆ ಒಣಗಿಯೇ ಇರುತ್ತದೆ. ಬಕೆಟ್ಟಿನಲ್ಲಿ ಕುಂಡದ ಅರ್ಧಕ್ಕೆ ಬರುವಷ್ಟು ನೀರು ತುಂಬಿ ಕುಂಡವನ್ನು ಅದರಲ್ಲಿಡಿ. ಅರ್ಧ ಗಂಟೆಯಲ್ಲಿ ಮೇಲ್ಮಣ್ಣು ಒದ್ದೆಯಾಗುತ್ತದೆ. ತೆಗೆದು ಸೋರಲು ಬಿಡಿ. ನಿಮ್ಮೂರ ಬೇಸಿಗೆಗೆ ಮಿಶ್ರಣದಲ್ಲಿ ಮಣ್ಣಿನ ಪಾಲು ಇನ್ನೊಂದಿಷ್ಟು ಹೆಚ್ಚಿರಲಿ. ಕಪ್ಪು ಎರೆಮಣ್ಣು ಮಾತ್ರ ಬೇಡ, ಅದು ಒಣಗಿದಾಗ ಬಿರಿದು ಬೇರು ಹರಿಯುತ್ತದೆ, ನೆನೆದಾಗ ಉಬ್ಬಿ ಗಾಳಿ ತಡೆಯುತ್ತದೆ.

ಎರಡನೆಯದು ಜೇಡ ನುಸಿ. ಬಣ್ಣಗೆಟ್ಟ ಎಲೆಯೊಂದನ್ನು ಬಿಳಿ ಕಾಗದದ ಮೇಲೆ ಹಿಡಿದು ನಾಲ್ಕು ಸಲ ತಟ್ಟಿ. ಬಿದ್ದ ಧೂಳಿನಲ್ಲಿ ಕೆಲವು ಚುಕ್ಕೆ ಮೆಲ್ಲಗೆ ಹರಿದಾಡಿದರೆ, ಬೆರಳಿನಿಂದ ಉಜ್ಜಿದಾಗ ಕಾಗದದ ಮೇಲೆ ಗೀರು ಮೂಡಿದರೆ ಅದು ನುಸಿ. ಎಲೆಯ ಅಡಿಯಲ್ಲಿ, ತೊಟ್ಟು ಕೂಡುವ ಮೂಲೆಯಲ್ಲಿ ಸಣ್ಣ ಬಲೆಯೂ ಕಂಡೀತು. ಬಿಸಿ, ಒಣ ಹವೆಯಲ್ಲಿ ಇದರ ಒಂದು ಪೀಳಿಗೆ ವಾರ ಹತ್ತು ದಿನದೊಳಗೆ ಮುಗಿದು ಇನ್ನೊಂದು ಶುರುವಾಗುತ್ತದೆ. ಹಾಗಾಗಿಯೇ ಒಂದು ಸಲ ಮದ್ದು ಹೊಡೆದು ಕೂತರೆ ಉಪಯೋಗವಿಲ್ಲ.

ಮೊದಲ ಮದ್ದು ನೀರೇ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಬಳ್ಳಿಯನ್ನು ಓರೆ ಮಾಡಿ, ಬಚ್ಚಲಿನ ಪೈಪಿನಿಂದ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿ. ಸಂಜೆ ಬಿಸಿಲಿಳಿದ ಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಪಾತ್ರೆ ತೊಳೆಯುವ ದ್ರಾವಣ ಸೇರಿಸಿ, ಎಲೆಯ ಅಡಿ ತೊಯ್ಯುವಂತೆ ಸಿಂಪಡಿಸಿ. ಮೊದಲು ಸೋಪನ್ನು ಎಣ್ಣೆಗೆ ಕಲಸಿಕೊಂಡು ಆಮೇಲೆ ನೀರಿಗೆ ಹಾಕಬೇಕು, ಇಲ್ಲವಾದರೆ ಎಣ್ಣೆ ಮೇಲೆ ತೇಲಿ, ಕೊನೆಗೆ ಎಲೆಗೆ ಬರೀ ಎಣ್ಣೆ ಬಿದ್ದು ಸುಡುತ್ತದೆ. ಐದು ದಿನಕ್ಕೊಮ್ಮೆ ಮೂರು ಸಲ. ಗಂಧಕ ನುಸಿಗೆ ಒಳ್ಳೆಯ ಮದ್ದಾದರೂ ನಿಮ್ಮ 40 ಡಿಗ್ರಿಯ ಬಿಸಿಲಿನಲ್ಲಿ ಎಲೆ ಸುಡುತ್ತದೆ, ಚಳಿಗಾಲಕ್ಕೆ ಇಟ್ಟುಕೊಳ್ಳಿ. ಜಿರಳೆಗೆ ಹೊಡೆಯುವ ಸ್ಪ್ರೇ ತಪ್ಪಿಯೂ ಬೇಡ. ನುಸಿ ಕೀಟವಲ್ಲ, ಅದರಿಂದ ಸಾಯುವುದು ನುಸಿಯನ್ನು ತಿನ್ನುವ ಹುಳುಗಳು.

ಕೂಲರ್‌ನ ಗಾಳಿ ನೇರವಾಗಿ ಬಡಿಯದಂತೆ, ಆದರೆ ಅದೇ ಕೋಣೆಯಲ್ಲಿ ಗಿಡಗಳನ್ನು ಒಟ್ಟಾಗಿ ಇಟ್ಟರೆ ಮೇ ಕಳೆಯುವವರೆಗೆ ಬಚಾವಾಗುತ್ತವೆ.

ಪ್ರಶ್ನೆ: ಟರ್ಟಲ್ ವೈನ್ ತಂದ ಮೊದಲ ವರ್ಷ ಕುಂಡ ಕಾಣದಷ್ಟು ದಟ್ಟವಾಗಿತ್ತು. ಈಗ ನಡುವೆ ಒಣಗಿದ ಹುಲ್ಲಿನಂತಾಗಿದೆ, ಎಲೆಯೆಲ್ಲ ಅಂಚಿನಲ್ಲಿ.
— ಓದುಗರು, ಹುಬ್ಬಳ್ಳಿ

ಉತ್ತರ: ರೋಗವಲ್ಲ, ಅದರ ಸ್ವಭಾವ. ಮೇಲಿನ ಎಲೆಗಳು ಬೆಳಕು ಮುಚ್ಚಿ ಒಳಗಿನವು ಸಾಯುತ್ತವೆ. ವರ್ಷಕ್ಕೊಮ್ಮೆ ಹೊಸದಾಗಿ ಕೂರಿಸಬೇಕು. ತುದಿಯ ಮೂರು ಇಂಚು ಕತ್ತರಿಸಿ, ಹಳೆಯದ್ದನ್ನೆಲ್ಲ ತೆಗೆದು, ಹೊಸ ಮಣ್ಣಿನ ಮೇಲೆ ತುಂಡುಗಳನ್ನು ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೀರು ಚಿಮುಕಿಸಿ. ವಾರ ಹತ್ತು ದಿನಕ್ಕೆ ಬೇರು ಹಿಡಿಯುತ್ತದೆ. ಆಮೇಲೆ ಎರಡು ತಿಂಗಳಿಗೊಮ್ಮೆ ಕತ್ತರಿ ಹಿಡಿದು ನಡುಭಾಗವನ್ನು ಚಿವುಟುತ್ತಿದ್ದರೆ ಬೋಳಾಗುವುದು ಮುಂದೂಡುತ್ತದೆ.

ಪ್ರಶ್ನೆ: ಲಾಲ್‌ಬಾಗ್‌ನ ಆಗಸ್ಟ್ ಫಲಪುಷ್ಪ ಪ್ರದರ್ಶನದಿಂದ ಡಾಂಕಿ ಟೇಲ್ ತಂದೆವು. ಮೈಸೂರಿಗೆ ಬರುವಷ್ಟರಲ್ಲಿ ಅರ್ಧ ಎಲೆ ಚೀಲದಲ್ಲಿತ್ತು. ಉಳಿದದ್ದೂ ಮುಟ್ಟಿದರೆ ಬೀಳುತ್ತಿದೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೆಕ್ಸಿಕೊದ ಈ ಗಿಡದ ಎಲೆ ಕಳಚುವುದು ಅದರ ವಂಶ ಬೆಳೆಸುವ ಉಪಾಯ. ಬಿದ್ದ ಪ್ರತಿ ಎಲೆಯೂ ಗಿಡವಾಗಬಲ್ಲದು. ಮುಟ್ಟಿದಾಗ ಬೀಳುವುದಕ್ಕೆ ಚಿಕಿತ್ಸೆಯಿಲ್ಲ, ಓಡಾಡುವ ದಾರಿಯಿಂದ ದೂರ, ಬೆಳಗಿನ ಬಿಸಿಲು ಎರಡು ಮೂರು ಗಂಟೆ ಬೀಳುವ ಕಡೆ ನೇತುಹಾಕಿ ಮರೆತುಬಿಡಿ. ಮುಟ್ಟದೆಯೇ ಬೀಳುತ್ತಿದ್ದರೆ ಬಿದ್ದ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಗಾಜಿನಂತೆ ಪಾರದರ್ಶಕವಾಗಿ, ಮೆತ್ತಗಿದ್ದರೆ ನೀರು ಹೆಚ್ಚಾಗಿದೆ. ಸುಕ್ಕುಗಟ್ಟಿದ್ದರೆ ನೀರು ಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಮಿಶ್ರಣದಲ್ಲಿ ಅರ್ಧಕ್ಕರ್ಧ ದಪ್ಪ ಮರಳು ಅಥವಾ ಪರ್ಲೈಟ್ ಇರಲಿ. ನರ್ಸರಿಯ ಕೋಕೋಪೀಟ್ ಕುಂಡದಲ್ಲೇ ಬಿಟ್ಟರೆ ಎರಡನೇ ಮಳೆಗಾಲ ಕಾಣುವುದು ಕಷ್ಟ.

ಚೀಲದಲ್ಲಿ ಬಿದ್ದ ಎಲೆಗಳನ್ನು ಎರಡು ದಿನ ನೆರಳಲ್ಲಿ ಒಣಗಿಸಿ ಮಣ್ಣಿನ ಮೇಲೆ ಹರಡಿ, ಹೂಳಬೇಡಿ. ಎರಡು ಮೂರು ವಾರದಲ್ಲಿ ಗುಲಾಬಿ ಬಣ್ಣದ ಕೂದಲಂಥ ಬೇರು ಕಾಣುತ್ತದೆ. ಆಗ ಚಿಮುಕಿಸಲು ಶುರು ಮಾಡಿ.

ಪ್ರಶ್ನೆ: ಶೋಕೇಸಿನ ಮೇಲೆ ಬಾಟಲಿ ನೀರಿನಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೇವೆ. ವರ್ಷದವರೆಗೆ ಚೆನ್ನಾಗಿತ್ತು, ಈಗ ಎಲೆ ತೆಳ್ಳಗಾಗಿ ಹಳದಿಯಾಗಿ ಬೀಳುತ್ತಿದೆ. ಬೇರೆಲ್ಲ ಬೆಳ್ಳಗೇ ಇದೆ.
— ಓದುಗರು, ದಾವಣಗೆರೆ

ಉತ್ತರ: ಬೇರು ಬೆಳ್ಳಗಿದ್ದರೆ ಇದು ಹಸಿವು. ಬರೀ ನಲ್ಲಿ ನೀರಿನಲ್ಲಿ ಸಾರಜನಕ ಅಷ್ಟಕ್ಕಷ್ಟೇ, ಗಿಡ ಹಳೆಯ ಎಲೆಯನ್ನು ತಿಂದು ಹೊಸದನ್ನು ಬೆಳೆಸುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಿ, ಎರಡು ವಾರಕ್ಕೊಮ್ಮೆ ಬದಲಿಸುವ ನೀರಿಗೆ 19:19:19 ಲೀಟರಿಗೆ ಕಾಲು ಗ್ರಾಂ, ಅಂದರೆ ಎರಡು ಬೆರಳಿನ ಚಿಟಿಕೆಯಷ್ಟು, ಸೇರಿಸಿ. ಹೆಚ್ಚಾದರೆ ಪಾಚಿ ಹಬ್ಬುತ್ತದೆ. ಪಾರದರ್ಶಕ ಬಾಟಲಿಗೆ ಕಾಗದ ಸುತ್ತಿ ಅಥವಾ ಬಣ್ಣದ ಬಾಟಲಿ ಬಳಸಿ. ನೀರು ಗೆಣ್ಣು ಮುಳುಗುವಷ್ಟಿರಲಿ, ಎಲೆಯ ತೊಟ್ಟು ನೀರಿನಲ್ಲಿ ಕೂತರೆ ಕೊಳೆಯುತ್ತದೆ. ನೀರಿನಲ್ಲಿ ಬೆಳೆದ ಬೇರು ಮಣ್ಣಿಗೆ ಸುಲಭವಾಗಿ ಒಗ್ಗುವುದಿಲ್ಲ, ಕುಂಡಕ್ಕೆ ಬದಲಿಸುವುದಾದರೆ ಮೊದಲ ಎರಡು ವಾರ ಮಣ್ಣು ಒಣಗದಂತೆ ನೋಡಿಕೊಳ್ಳಿ. ಆಗ ಒಂದೆರಡು ಎಲೆ ಬಿದ್ದರೆ ಗಾಬರಿ ಬೇಡ.

ಪ್ರಶ್ನೆ: ಬೇಸಿಗೆಯಲ್ಲಿ ಮನೆಯ ಹೊರಗಿನ ಡೆಕ್ ಮೇಲಿದ್ದ ಹೋಯಾ ಬಳ್ಳಿಯನ್ನು ಅಕ್ಟೋಬರ್ ಕೊನೆಗೆ ಒಳಗೆ ತಂದೆವು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಎಲೆ ಉದುರಲು ಶುರುವಾಯಿತು. ಹೀಟರ್‌ನಿಂದ ಹವೆ ಒಣಗಿದೆಯೆಂದು ದಿನಾ ನೀರು ಸಿಂಪಡಿಸುತ್ತಿದ್ದೇವೆ.
— ಕನ್ನಡಿಗ ದಂಪತಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ತಂದದ್ದು ತಡವಾಯಿತು. ರಾತ್ರಿ ಉಷ್ಣಾಂಶ 10–12 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಒಳಗೆ ಬರಬೇಕಿತ್ತು, ಅಂದರೆ ನಿಮ್ಮಲ್ಲಿ ಸೆಪ್ಟೆಂಬರ್ ಕೊನೆಗೆ. ಚಳಿ ತಿಂದ ಎಲೆ ಆಗಲೇ ಬೀಳುವುದಿಲ್ಲ, ವಾರಗಳ ಮೇಲೆ ಬೀಳುತ್ತದೆ. ಜೊತೆಗೆ ಡೆಕ್‌ನ ಬೆಳಕಿನ ಹತ್ತನೇ ಒಂದು ಭಾಗವೂ ಮನೆಯೊಳಗೆ ಇರುವುದಿಲ್ಲ. ಎರಡು ಮೂರು ವಾರ ಸ್ವಲ್ಪ ಎಲೆ ಬಿಟ್ಟು ಗಿಡ ಹೊಂದಿಕೊಳ್ಳುತ್ತದೆ. ಡಿಸೆಂಬರ್‌ನಲ್ಲೂ ನಿಲ್ಲದಿದ್ದರೆ ನೀರನ್ನು ಅನುಮಾನಿಸಿ.

ಸಿಂಪಡಿಸುವುದನ್ನು ಬಿಡಿ. ಹತ್ತು ನಿಮಿಷದಲ್ಲಿ ಆರುವ ಹನಿಯಿಂದ ಹವೆಯ ತೇವ ಏರುವುದಿಲ್ಲ. ಹೋಯಾದ ದಪ್ಪ ಎಲೆಯಲ್ಲೇ ನೀರಿನ ಸಂಗ್ರಹವಿದೆ, ಒಣ ಹವೆಯನ್ನು ಅದು ತಾಳುತ್ತದೆ, ತಣ್ಣನೆಯ ಒದ್ದೆ ಬೇರನ್ನು ತಾಳುವುದಿಲ್ಲ. ಎಲೆಯನ್ನು ಉದ್ದಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗಿದರೆ ನೀರು ಕೊಡಿ, ಗಟ್ಟಿಯಾಗಿ ಸೆಟೆದಿದ್ದರೆ ಬೇಡ. ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಬಂದೀತು. ನಲ್ಲಿಯ ಕೊರೆಯುವ ನೀರು ನೇರ ಹಾಕದೆ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ಹಾಕಿ. ಎಲೆ ಕಿಟಕಿಯ ಗಾಜಿಗೆ ತಾಗದಿರಲಿ, ಬಿಸಿಗಾಳಿಯ ವೆಂಟ್ ಕೆಳಗಿಲ್ಲದಿರಲಿ. ದಕ್ಷಿಣದ ಕಿಟಕಿ ಇಲ್ಲವಾದರೆ ಗಿಡದಿಂದ ಒಂದಡಿ ಮೇಲೆ ಸಾಧಾರಣ ಎಲ್‌ಇಡಿ ಗ್ರೋಲೈಟ್ 12 ಗಂಟೆ ಉರಿಸಿ. ಹೂ ಬಿಟ್ಟು ಮುಗಿದ ಗಿಡ್ಡ ತೊಟ್ಟುಗಳನ್ನು ಕತ್ತರಿಸಬೇಡಿ, ಮುಂದಿನ ವರ್ಷದ ಹೂ ಅಲ್ಲಿಂದಲೇ ಬರುತ್ತದೆ.

ಪ್ರಶ್ನೆ: ಹಳದಿಯಾದ ಎಲೆಯನ್ನು ಕೂಡಲೇ ಕೀಳಬೇಕೇ, ತಾನಾಗಿ ಬೀಳುವವರೆಗೆ ಬಿಡಬೇಕೇ?
— ಓದುಗರು, ಶಿರಸಿ

ಉತ್ತರ: ಚುಕ್ಕೆಯಿಲ್ಲದ, ಹುಳುವಿಲ್ಲದ ಎಲೆಯಾದರೆ ಪೂರ್ತಿ ಹಳದಿಯಾಗುವವರೆಗೆ ಬಿಡಿ, ಗಿಡ ಅದರಿಂದ ಸಾರವನ್ನು ಹಿಂಪಡೆಯುತ್ತಿರುತ್ತದೆ. ಆಮೇಲೆ ಎಳೆಯದೆ, ತೊಟ್ಟು ಅರ್ಧ ಇಂಚು ಬಿಟ್ಟು ಕತ್ತರಿಸಿ. ಉಳಿದ ತೊಟ್ಟು ಒಣಗಿ ತಾನೇ ಕಳಚುತ್ತದೆ. ಎಳೆದರೆ ಬಳ್ಳಿಯ ಸಿಪ್ಪೆ ಸುಲಿದು ಆ ಗಾಯದಿಂದ ಕೊಳೆ ಶುರುವಾಗುತ್ತದೆ. ಕಪ್ಪು ಚುಕ್ಕೆ, ನುಸಿ, ಹಿಟ್ಟು ತಿಗಣೆ ಇರುವ ಎಲೆಯಾದರೆ ಹಸಿರಿದ್ದರೂ ಅಂದೇ ತೆಗೆಯಿರಿ. ಮನಿ ಪ್ಲಾಂಟ್ ಎಲೆಯ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿದ್ದು ಬಾಯಿ, ಗಂಟಲು ಉರಿಸುತ್ತವೆ. ಕತ್ತರಿಸಿದ್ದನ್ನು ದನದ ಬಾನಿಗೆ ಹಾಕಬೇಡಿ, ಮಕ್ಕಳ ಮತ್ತು ಬೆಕ್ಕು ನಾಯಿಗಳ ಬಾಯಿಗೆ ಸಿಗದಂತೆ ಕಾಂಪೋಸ್ಟ್ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ.